ಸ್ವೀಡಿಷ್‌ನಲ್ಲಿ ‘ಸಾರಿ’ ಎಂದರೆ

ನನ್ನ ಸೊಸೆ ಸ್ವೀಡನ್ನಿನವಳು. ಅವಳೂ ಮಗನೂ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ, ನಾನೂ ನಮ್ಮ ಯಜಮಾನರೂ ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ. ಅವಳಿಗೂ ನನಗೂ ನಡುವೆ ಇದ್ದದ್ದು ಇಂಗ್ಲಿಷ್ ಒಂದೇ. ನನ್ನದು ಮೈಸೂರಿನಲ್ಲಿ ಕಲಿತ ಇಂಗ್ಲಿಷ್, ಅವಳದು ಅವಳ ಊರಿನ ಶಾಲೆಯದು. ಎರಡನ್ನೂ ಸೇರಿಸಿಕೊಂಡು ಅತ್ತೆ ಸೊಸೆ ಚೆನ್ನಾಗಿಯೇ ಹೊಂದಿಕೊಂಡಿದ್ದೆವು. ನನ್ನನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ಒಗ್ಗರಣೆ ಹಾಕುವುದನ್ನು ಹೇಳಿಕೊಟ್ಟರೆ, ಸಾಸಿವೆ ಸಿಡಿಯುವ ಹೊತ್ತಿಗೆ ಮುಚ್ಚಳ ಹಿಡಿದುಕೊಂಡು ದೂರ ನಿಂತು ನಗುತ್ತಿದ್ದಳು.

ಎಂಟನೇ ತಿಂಗಳಲ್ಲಿ ಅವಳ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣುಮಗು. ಸಿಕ್ಕ ಫ್ಲೈಟ್ ಹತ್ತಿ ಹೋದೆವು. ಆಸ್ಪತ್ರೆಯಿಂದ ಬಂದವಳು ಸೋಫಾದ ಮೂಲೆಯಲ್ಲಿ ಕೂತು ಕಿಟಕಿಯಾಚೆಯ ಬಂದರಿನ ನೀರನ್ನು ನೋಡುತ್ತಿದ್ದಳು. ನಾನು ಅನ್ನಕ್ಕೆ ತಿಳಿಸಾರು ಕಲಸಿ ಮುಂದಿಡುತ್ತಿದ್ದೆ, ಪಕ್ಕದಲ್ಲಿ ಕೂತಿರುತ್ತಿದ್ದೆ. ಏನೂ ಹೇಳಲಿಲ್ಲ. ಸಾವಾದ ಮನೆಯಲ್ಲಿ ಬಾಯಿಗೆ ಬಂದ ಸಮಾಧಾನ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಆ ವಾರವೆಲ್ಲ ಹಾಗೇ ಕಳೆಯಿತು.

ಹೊರಡುವ ದಿನ ಬೆಳಿಗ್ಗೆ ಅವಳು ಬಾಗಿಲಿನವರೆಗೆ ಬಂದಳು. ಮಾಸಿದ ನೈಟಿ, ಎದೆಹಾಲು ನಿಲ್ಲಲೆಂದು ಬಿಗಿದ ಬಟ್ಟೆ. ಎರಡೂ ಕೈಗಳನ್ನು ಸ್ವಲ್ಪ ಮುಂದೆ ಚಾಚಿದ್ದಳು. ನಮ್ಮಲ್ಲಿ ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನುವುದಿಲ್ಲ. ಅಂಥ ಕಾರಣಕ್ಕೆ ಮತ್ತೆ ಆ ಮನೆಗೆ ಬರುವಂತಾಗಬಾರದು. ಮನೆಯವರೂ ‘ಬನ್ನಿ’ ಎನ್ನುವುದಿಲ್ಲ. ಸುಮ್ಮನೆ ಎದ್ದು, ತಿರುಗಿ ನೋಡದೆ ನಡೆದುಬಿಡಬೇಕು. ನಾನು ತಲೆ ತಗ್ಗಿಸಿ ಲಿಫ್ಟಿನ ಕಡೆ ನಡೆದೆ. ಯಜಮಾನರು ಬ್ಯಾಗು ಎಳೆದುಕೊಂಡು ಹಿಂದೆ ಬಂದರು. ಈ ಹುಡುಗಿಗೆ ಇಂಥ ದಿನ ಇನ್ನೊಂದು ಬರದಿರಲಿ ಎಂದು ಬೇಡಿಕೊಂಡೇ ನಡೆದೆ.

ಆಮೇಲೆ ಅವಳು ನನ್ನ ಫೋನ್ ಎತ್ತಲಿಲ್ಲ. ದುಃಖದಲ್ಲಿದ್ದಾಳೆ, ಇರಲಿ ಎಂದುಕೊಂಡೆ. ತಿಂಗಳು ಕಳೆದ ಮೇಲೂ ಎತ್ತದಿದ್ದಾಗ ಮಗನನ್ನು ಒತ್ತಾಯ ಮಾಡಿ ಕೇಳಿದೆ.

“ಅಮ್ಮ, ನೀವಿಬ್ರೂ ಒಂದ್ ಮಾತೂ ಆಡ್ದೆ ಹೊರಟ್ಬಿಟ್ರಿ. ಅವಳು ಹಗ್ ಮಾಡಕ್ಕೆ ಬಂದ್ರೆ ನೀನು ಮುಖ ಕೂಡ ನೋಡ್ಲಿಲ್ಲ. ಬೇಬಿ ಹೋಗಿದ್ದಕ್ಕೆ ನೀನು ಅವಳನ್ನೇ ಬ್ಲೇಮ್ ಮಾಡ್ತಿದೀಯ ಅಂದ್ಕೊಂಡಿದಾಳೆ.”

“ಅಯ್ಯೋ, ಸಾವಿನ ಮನೇಲಿ ಹೇಳಿ ಹೊರಡ್ಬಾರ್ದು ಕಣೋ! ನಿಂಗೊತ್ತಿಲ್ವಾ?”

“ನಂಗ್ ಹೇಗ್ ಗೊತ್ತಿರತ್ತೆ? ನೋಬಡಿ ಟೋಲ್ಡ್ ಮಿ, ಅಮ್ಮ.”

“ಈಗ ಹೇಳಿದೀನಲ್ಲ, ನೀನೇ ಅವಳಿಗೆ ಬಿಡಿಸಿ ಹೇಳು.”

“ನಾನ್ ಹೇಳಿದ್ರೆ ಸುಮ್ನೆ ಕವರ್ ಅಪ್ ಮಾಡ್ತಿದೀನಿ ಅಂತಾಳೆ.”

ಯಾರೂ ಅವನಿಗೆ ಹೇಳಿರಲಿಲ್ಲ ಎನ್ನುವುದು ನಿಜ. ಚಿಕ್ಕವನಿದ್ದಾಗಲೇ ಇಲ್ಲಿಗೆ ಬಂದವನು ಸಾವಿನ ಮನೆ ನೋಡಿದ್ದೇ ಅದು ಮೊದಲ ಸಲ, ಅದೂ ತನ್ನದೇ.

ಸೊಸೆಗೆ ಸಾರಿ ಎಂದು ಮೆಸೇಜ್ ಬರೆಯಲು ಕೂತರೆ ಕೈ ಓಡಲಿಲ್ಲ. ಇಲ್ಲಿ ಟ್ರೇನ್ ತಡವಾದರೂ ಸಾರಿ, ಅಂಗಡಿಯಲ್ಲಿ ಟ್ರಾಲಿ ತಗುಲಿದರೂ ಸಾರಿ, ಬಾಡಿಗೆಗೆ ಮನೆ ಇಲ್ಲ ಎನ್ನುವ ಏಜೆಂಟಿನ ಬಾಯಲ್ಲೂ ಸಾರಿ. ಆಸ್ಪತ್ರೆಯ ಡಾಕ್ಟರ್ ಅವಳಿಗೆ ಹೇಳಿದ್ದೂ ಅದನ್ನೇ. ಅದೇ ಸವೆದ ಮಾತನ್ನು ನಾನೂ ಹೇಗೆ ಕೊಡಲಿ? ಅವಳ ಭಾಷೆಯಲ್ಲೇ ಹೇಳಬೇಕು ಎನಿಸಿತು. ಬ್ಲ್ಯಾಕ್‌ಟೌನಿನಲ್ಲಿ ನಾನು ಕೆಲಸ ಮಾಡುವ ಲೈಬ್ರರಿಗೆ, ಪತ್ತೇದಾರಿ ಕಾದಂಬರಿಗಳನ್ನು ಹುಡುಕಿಕೊಂಡು ಸ್ವೀಡನ್ನಿನ ಒಬ್ಬ ಅಜ್ಜಿ ಬರುತ್ತಾರೆ. ಸಾರಿ ಎನ್ನಲು ನಿಮ್ಮಲ್ಲಿ ಏನು ಹೇಳುತ್ತೀರಿ ಎಂದು ಕೌಂಟರಿನಲ್ಲೇ ಕೇಳಿದೆ.

“ಯಾವ ಸಾರಿ?” ಎಂದರು.

ಮನೆ ಇಲ್ಲ ಎನ್ನುವ ಏಜೆಂಟಿನದು ‘ಟಿವ್ಯಾರ್’ ಅಂತೆ. ಸಾವಾದಾಗ ಹೇಳುವುದು ‘ಬೆಕ್ಲಾಗರ್’, ಆದರೆ ಅದು ಆಫೀಸಿನವರ, ದೂರದವರ ಮಾತು, ಮನೆಯವರು ಮನೆಯವರಿಗೆ ಹೇಳಿದರೆ ಚೆನ್ನಾಗಿರುವುದಿಲ್ಲ. ‘ಲೆಸ್ಸೆನ್’ ಎಂದರೆ ನನಗೆ ದುಃಖವಾಗಿದೆ. ‘ಫರ್ಲೋತ್’ ಎಂದರೆ ತಪ್ಪಾಯಿತು, ಕ್ಷಮಿಸು. “ನಿಮಗೆ ಯಾವುದು ಬೇಕು?” ಎಂದು ಕೇಳಿ ಅಜ್ಜಿ ನನ್ನ ಮುಖ ನೋಡಿದರು. ಮುಂದಿನವರು ಕ್ಯೂನಲ್ಲಿ ಕಾಯುತ್ತಿದ್ದರು, ನಾನು ಪುಸ್ತಕ ಸ್ಕ್ಯಾನ್ ಮಾಡಿ ಕೊಟ್ಟೆ.

ಕ್ಷಮಿಸು ಎನ್ನಲು ನಾನೇನು ತಪ್ಪು ಮಾಡಿದ್ದೆ? ನನ್ನ ಅಮ್ಮ, ಅಜ್ಜಿ ನಡೆದ ಹಾಗೆ ನಡೆದೆ. ಫರ್ಲೋತ್ ಎಂದರೆ ನಿನ್ನನ್ನು ಮನಸ್ಸಿನಲ್ಲಿ ದೂರಿದ್ದೆ ಎಂದು ಒಪ್ಪಿಕೊಂಡ ಹಾಗಾಗುವುದಿಲ್ಲವೇ? ಲೆಸ್ಸೆನ್ ಎಂದರೆ ಅವಳ ದುಃಖದ ಎದುರು ನನ್ನ ದುಃಖವನ್ನು ಎಲೆ ಹಾಕಿ ಬಡಿಸಿದ ಹಾಗೆ. ವಾರಗಟ್ಟಲೆ ಇದೇ ಆಯಿತು. ಅಂಗಡಿಯಲ್ಲಿ ಕರಿಬೇವು ಆರಿಸುವಾಗಲೂ ತುಟಿ ಅಲ್ಲಾಡುತ್ತಿತ್ತು. “ಇಂಗ್ಲಿಷಲ್ಲೇ ಬರ್ದು ಹಾಕೇ, ಅರ್ಥ ಆಗತ್ತೆ” ಎಂದ ಯಜಮಾನರ ಮೇಲೆ ರೇಗಿ, ಊಟ ಬಿಟ್ಟು ಎದ್ದೆ. ಕೊನೆಗೆ ತಡೆಯಲಾಗದೆ ಒಬ್ಬಳೇ ಮೆಲ್ಬರ್ನಿಗೆ ಹೋದೆ.

ಬಾಗಿಲು ತೆರೆದವಳು ಅರ್ಧ ಇಳಿದುಹೋಗಿದ್ದಳು. ಅಷ್ಟು ದಿನ ಅಳೆದು ತೂಗಿದ್ದೆಲ್ಲ ಮರೆತು ‘ಫರ್ಲೋತ್’ ಎಂದುಬಿಟ್ಟೆ. ಹೇಳಿದ್ದು ಸರಿಯಿತ್ತೋ ಇಲ್ಲವೋ, ಅವಳಿಗೆ ತಿಳಿಯಿತು. ಒಳಗೆ ಕರೆದಳು, ಟೀ ಮಾಡಿದಳು. ನಮ್ಮ ಪದ್ಧತಿಯನ್ನೆಲ್ಲ ನನಗೆ ಬಂದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ನಂಬುತ್ತೇನೆ ಅಮ್ಮ,” ಎಂದಳು, ಮೆಲ್ಲಗೆ, ಇಂಗ್ಲಿಷಿನಲ್ಲಿ. “ಆ ಮನೆಗೆ ಮತ್ತೆ ಹಾಗೆ ಬರುವಂತಾಗಬಾರದು ಎಂದು ನೀವು ತಿರುಗಿ ನೋಡಲಿಲ್ಲ. ಆದರೆ ನಾನು ಇದ್ದದ್ದು ಆ ಮನೆಯಲ್ಲೇ. ನೀವು ಹೋದ ಮೇಲೂ ನಾನು ಇಲ್ಲೇ ಇರಬೇಕಿತ್ತು.”

ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ನನಗೆ ಜೀವವೇ ಸಾಕು ಎನಿಸಿತು.

ಮುಂದಿನ ವಾರ ಅವಳು ಸ್ವೀಡನ್ನಿಗೆ, ತನ್ನ ತಾಯಿಯ ಬಳಿಗೆ ಹೊರಟುಹೋದಳು. ಹೋಗುವ ಟಿಕೆಟ್ ಮಾತ್ರ ಮಾಡಿಸಿದ್ದಳು. ಏರ್‌ಪೋರ್ಟಿನಿಂದ ಮಗ ಫೋನ್ ಮಾಡಿದ.

“ಅವತ್ತು ಒಂದ್ಸಲ ಅಪ್ಕೊಂಡಿದ್ರೆ ಸಾಕಿತ್ತಮ್ಮ,” ಎಂದ.

ಇಷ್ಟು ವರ್ಷಗಳಲ್ಲಿ ಇಂಗ್ಲಿಷ್ ಬೆರೆಸದೆ ಅವನು ನನಗೆ ಹೇಳಿದ ಮಾತು ಅದೊಂದೇ.