ಇಸಾಕಸಾಬರು ರಿಪೇರಿ ಮಾಡದೆ ಇಟ್ಟ ಕಾರು

ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಎರಡೇ ಸೀಟಿನ, ಮೇಲೆ ಹೊದಿಕೆಯಿಲ್ಲದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದು ಬಾನೆಟ್ ತೆರೆದು ನಿಂತಿದೆ. ಅದರೊಳಕ್ಕೆ ಸೊಂಟದವರೆಗೆ ಬಗ್ಗಿರುವ ಮೆಕ್ಯಾನಿಕ್ ಇಸಾಕಸಾಬರ ಕಾಲುಗಳಷ್ಟೇ ನನಗೆ ಕಾಣುತ್ತಿವೆ. ಸ್ವಲ್ಪ ಹೊತ್ತಿಗೆ ತಾಮ್ರದ ಪೈಪೊಂದನ್ನು ಬಿಚ್ಚಿಕೊಂಡು ಮೇಲೇಳುತ್ತಾರೆ. ಅದನ್ನು ಅರಿವೆಯಿಂದ ಒರೆಸಿ ನನ್ನ ಕೈಗಿಡುತ್ತಾರೆ. ಪೆನ್ಸಿಲ್ಲಿನಷ್ಟು ದಪ್ಪ, ಮೊಳದಷ್ಟು ಉದ್ದ.

“ಹಿಡ್ಕೋರಿ. ಒಂದು ಹುಡುಗಿ ಬಾಳೇವು ಹಾಳ ಮಾಡಿದ್ದು ಇದು. ಇದನ್ನ ಕೂಡಿಸಿದಾಂವ ನಾನು.”

ಅವರು ಹುಟ್ಟಾ ಬೈಕ್ ಮೆಕ್ಯಾನಿಕ್. ಕರ್ಜಗಿ, ಹಲಗೇರಿ ಕಡೆಯ ರೈತರ ಬೈಕುಗಳು ಬೆಳಗಾದರೆ ಈ ಶೆಡ್ಡಿನ ಮುಂದೆ ಸಾಲುಗಟ್ಟುತ್ತವೆ. ಈ ಕಾರು ಊರಿನ ಬೀಜದ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಇಲಿ ಸಾಕಿಕೊಂಡು ಬಿದ್ದಿತ್ತು. ಗುಜರಿಗೆ ಹೋಗುವುದನ್ನು ತಡೆದು ಇವರು ಎಳೆದು ತಂದರು. ಬಿಡಿಭಾಗ ಸಿಗುವುದಿಲ್ಲ, ಹೇಳಿಕೊಡುವವರೂ ಇಲ್ಲ. ಟ್ರ್ಯಾಕ್ಟರಿನ ದೀಪ ಕೂಡಿಸಿದರು, ಬಸ್ಸಿನ ಸೀಟಿನ ರೆಕ್ಸಿನ್ ಹೊಲಿಸಿದರು, ಹಾವೇರಿಗೆ ಹೋಗಿ ರೇಡಿಯೇಟರಿಗೆ ಬೆಸುಗೆ ಹಾಕಿಸಿದರು. ಪೆಟ್ರೋಲ್ ಪೈಪು ತುಕ್ಕು ತಿಂದಿತ್ತು. ಫ್ರಿಜ್ ರಿಪೇರಿಯವನಿಂದ ತಾಮ್ರದ ಪೈಪು ತಂದು, ಹತ್ತಿರದ ದಾರಿಯೆಂದು ಸೈಲೆನ್ಸರ್ ಕೊಳವೆಯ ಮೇಲಿಂದಲೇ ಹಾಯಿಸಿ ಕಟ್ಟಿದರು.

ಕಾರು ಎದ್ದು ಓಡಿತು. ಮದುವೆಯವರು ಸುಮ್ಮನಿರುತ್ತಾರೆಯೇ? ಸೀಟಿನ ಹಿಂದೆ ಡಿಕ್ಕಿಯ ಮೇಲೆ ಮದುಮಕ್ಕಳನ್ನು ಕೂಡಿಸಿ ಮೆರವಣಿಗೆ ಮಾಡಲು ಅದೇ ಬೇಕೆಂದರು. ಓಡುವುದಕ್ಕೆಂದೇ ತಯಾರಾದ ಕಾರಿಗೆ ಬ್ಯಾಂಡಿನವರ ಹಿಂದೆ ಹೆಜ್ಜೆ ಹಾಕುವ ಕೆಲಸ ಬಂತು.

ಎರಡು ಬೇಸಿಗೆಗಳ ಹಿಂದೆ ಬ್ಯಾಡಗಿಯಲ್ಲಿ ಮೈಲೇಶ ಎಂಬುವನ ಮದುವೆ. ಹುಡುಗಿ ಹಲಗೇರಿಯ ನಿರ್ಮಲಾ. ಅಕ್ಕಿಕಾಳು ಬಿದ್ದ ಮೇಲೆ ನೆತ್ತಿ ಸುಡುವ ಬಿಸಿಲಿನಲ್ಲಿ ಮೆರವಣಿಗೆ ಹೊರಟಿತು. ಗಂಡನ ಮನೆ ಕಾಣುವ ತಿರುವಿಗೆ ಬಂದ ಕಾರು ಗಕ್ಕನೆ ನಿಂತಿತು. ನೂಕಿದರೂ ಜಗ್ಗಲಿಲ್ಲ. ಹೊಸ ಸೊಸೆ ಇಳಿದು, ಕಾದ ರಸ್ತೆಯಲ್ಲಿ ನಡೆದು ಹೋಗಿ ಹೊಸ್ತಿಲು ದಾಟಿದಳು. ಆಮೇಲೆ ಇಸಾಕಸಾಬರು ಕೀಲಿ ತಿರುವಿದರೆ ಕಾರು ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು.

ಅವಳು ಇಳಿದಳು, ಕಾರು ಹೊರಟಿತು. ನೋಡಿದವರ ನಾಲಗೆಗೆ ಅಷ್ಟು ಸಾಕಾಯಿತು. ಅದೇ ವಾರ ಮೈಲೇಶನ ತಂದೆ ಎದೆನೋವಿನಿಂದ ತೀರಿಕೊಂಡಾಗ ಸೊಸೆಯ ಕಾಲ್ಗುಣ ಸರಿಯಿಲ್ಲವೆಂದು ತೀರ್ಮಾನವೂ ಆಗಿಹೋಯಿತು. ಆ ಹಿರಿಯರಿಗೆ ಎಷ್ಟೋ ವರ್ಷದಿಂದ ಹೃದಯದ ಕಾಯಿಲೆ ಇತ್ತು. ಅದು ಯಾರಿಗೂ ನೆನಪಾಗಲಿಲ್ಲ. ಶ್ರಾವಣಕ್ಕೆ ಮುಂಚೆಯೇ ನಿರ್ಮಲಾ ಟ್ರಂಕಿನೊಡನೆ ತವರಿಗೆ ಬಂದಳು. ಮೈಲೇಶನಿಗೆ ಬೇರೆ ಮದುವೆಯಾಗಿದೆ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ನಿರ್ಮಲಾ ಈಗ ದಿನಾ ಬಸ್ಸು ಹತ್ತಿ ಬ್ಯಾಡಗಿಗೆ ಬಂದು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ. ಕೈ ಉರಿ ರೂಢಿಯಾಗಿದೆಯಂತೆ. ರೂಢಿಯಾಗದ್ದು ಇನ್ನೊಂದು. “ಹೊಸಾ ರಾಶಿ ಬಂದ್ರ ನನ್ನ ಕೈ ಮದಲ ಹಚ್ಚಾಕ ಬಿಡಂಗಿಲ್ರಿ. ಬ್ಯಾರೇದಾರು ಕುಂತ ಮ್ಯಾಲ ನಾ ಕುಂದ್ರಬೇಕು,” ಎನ್ನುತ್ತಾಳೆ.

ಅವಳು ತವರಿಗೆ ಮರಳಿದ ಸುದ್ದಿ ಕಿವಿಗೆ ಬಿದ್ದ ದಿನದಿಂದ ಇಸಾಕಸಾಬರು ಕಾರಿನ ಬೆನ್ನು ಹತ್ತಿದರು. ಕಾಯಿಲ್ ಬದಲಿಸಿದರು, ಪ್ಲಗ್ ಬದಲಿಸಿದರು, ಟ್ಯಾಂಕ್ ಇಳಿಸಿ ತೊಳೆದರು. ಹಾವೇರಿಯವರೆಗೆ ಹೈವೇಯಲ್ಲಿ ಓಡಿಸಿದರೆ ಎಲ್ಲೂ ನಿಲ್ಲುವುದಿಲ್ಲ. ತಲೆ ಕೆಟ್ಟು, ಒಂದು ಮಧ್ಯಾಹ್ನ ಖಾಲಿ ಮೈದಾನದಲ್ಲಿ ಬ್ಯಾಂಡಿನ ಹಿಂದೆ ಹೋದಷ್ಟೇ ಮೆಲ್ಲಗೆ ಸುತ್ತು ಹೊಡೆಯತೊಡಗಿದರು. ನೋಡಿದವರು ನಕ್ಕರು. ಕಾರು ನಿಂತಿತು. ತಾಮ್ರದ ಪೈಪು ಮುಟ್ಟಿದರೆ ಬೆರಳು ಚುರ್ ಎಂದಿತು. ಒದ್ದೆ ಅರಿವೆ ಸುತ್ತಿದರು, ಚಾಲೂ ಆಯಿತು.

“ಮೆಲ್ಲಕ ಹೊಂಟ್ರ ಇಂಜಿನ್‌ಗೆ ಗಾಳಿ ಬಡಿಯಂಗಿಲ್ರಿ. ಪೈಪಿನ್ಯಾಗ ಪೆಟ್ರೋಲ್ ಕುದ್ದು ಆವಿ ಆಕ್ಕೈತಿ. ಪಂಪು ಜಗ್ಗಿದ್ರ ಏನೂ ಬರಂಗಿಲ್ಲ. ತಣ್ಣಗಾತಂದ್ರ ಮತ್ತ ತಾನ ಚಾಲೂ. ಆಕಿ ಇಳದದ್ದಕ್ಕ ಅಲ್ರೀ, ಪೈಪು ತಣ್ಣಗಾದದ್ದಕ್ಕ.”

ಪೈಪನ್ನು ಬಿಸಿಯಿಂದ ದೂರ ಸರಿಸಿದರೆ ಮುಗಿಯಿತು. ಆದರೆ ಇಸಾಕಸಾಬರು ಸರಿಸಲಿಲ್ಲ. ಮದುವೆಗೆ ಕೇಳಿ ಬಂದವರನ್ನೆಲ್ಲ ವಾಪಸು ಕಳಿಸಿದರು. ಹೆಂಡತಿ ಜಾಹೀದಾ ಬೈದು ಬೈದು ಸುಸ್ತಾದರು. “ರೋಗ ಗೊತ್ತೈತಿ, ಔಷಧಾನೂ ಗೊತ್ತೈತಿ, ಆದ್ರೂ ಮಾಡಂಗಿಲ್ಲಂತ. ಎಂಥಾ ಮನಿಷಾರಿ ಇವ್ರು?” ಎಂದು ಚಹಾ ತಂದಿಡುತ್ತಾ ನನ್ನನ್ನೇ ಕೇಳುತ್ತಾರೆ. ಇಸಾಕಸಾಬರ ಉತ್ತರ ಒಂದೇ: “ರಿಪೇರಿ ಮಾಡಿದ್ರ ಸಾಕ್ಷಿ ಹೋಗತೈತಿ. ಕೆಟ್ಟ ಗಾಡೀನ ಕೆಟ್ಟಂಗ ಅವರಿಗೆ ತೋರಸ್ಬೇಕಿತ್ತು.”

ತೋರಿಸಿಯೂ ತೋರಿಸಿದರು. ಮೈಲೇಶನ ಚಿಕ್ಕಪ್ಪ ಡಾಕಪ್ಪನ ಕೈಕಾಲು ಹಿಡಿದು ಓಣಿಯ ಹಿರಿಯರನ್ನು ಕೂಡಿಸಿದರು. ಅದೇ ಬಿಸಿಲು, ಅದೇ ತಿರುವು. ಕಾರು ಅಲ್ಲೇ ನಿಂತಿತು. ಒದ್ದೆ ಅರಿವೆ ಹಾಕಿದ ಕೂಡಲೇ ಹೊರಟಿತು. ಇಸಾಕಸಾಬರು ಗೆದ್ದೆನೆಂದು ತಲೆಯೆತ್ತಿದರೆ ಡಾಕಪ್ಪ ರಸ್ತೆಯ ಆಚೆ ಬೆರಳು ತೋರಿಸುತ್ತಿದ್ದ. ಅಲ್ಲಿ ಬುತ್ತಿಚೀಲ ಹಿಡಿದು ನಿರ್ಮಲಾ ನಿಂತಿದ್ದಳು. “ಆಕಿ ಅಲ್ಲೇ ನಿಂತಾಳಲ್ಲೋ ಇಸಾಕ. ನಿಂದ್ರದ ಇನ್ನೇನ ಮಾಡತೈತಿ ಗಾಡಿ?”

“ಆಕೀನ ಕರದಾಂವ ನಾನ ರೀ,” ಎನ್ನುತ್ತಾ ಇಸಾಕಸಾಬರು ಮತ್ತೆ ಬಾನೆಟ್ಟಿನೊಳಕ್ಕೆ ಬಗ್ಗುತ್ತಾರೆ. “ತಪ್ಪು ಆಕೀದಲ್ಲಂತ ನಾಕ ಮಂದಿ ಹೇಳೋದನ್ನ ಆಕಿ ಕಿವಿಲೆ ಕೇಳ್ಲಿ ಅಂತ ಕರದಿದ್ದೆ. ಇನ್ನಷ್ಟು ಹೊಲಸ ಮಾಡಿಟ್ಟೆ.”

ಹೋದ ವಾರ ನಿರ್ಮಲಾ ತಾನೇ ಶೆಡ್ಡಿಗೆ ಬಂದಳಂತೆ. “ಕಾಕಾ, ರಿಪೇರಿ ಮಾಡಿಬಿಡ್ರಿ. ಅದೇ ಬಿಸಲಾಗ, ಅದೇ ಓಣ್ಯಾಗ ನಾ ಕುಂತು ಹೊಕ್ಕೇನಿ.” ಅದಕ್ಕೇ ಇವತ್ತು ನಸುಕಿನಿಂದ ಈ ಕೆಲಸ. ಹಳೆಯ ಕಾರು, ನಿಲ್ಲುವುದಕ್ಕೆ ನೂರು ಕಾರಣ ಇರುತ್ತವೆ. ಅವಳು ಕುಳಿತಾಗ ಯಾವುದೋ ಸಡಿಲ ತಂತಿಗೆ ಕಾರು ನಿಂತರೂ ಅವಳ ಕತೆ ಮುಗಿದಂತೆ. ಇಸಾಕಸಾಬರು ರಬ್ಬರ್ ಪೈಪನ್ನು ಇಂಜಿನ್ನಿನ ಇನ್ನೊಂದು ಬದಿಯಿಂದ ತಂದು ಕೂಡಿಸುತ್ತಾರೆ. ಬಿಗಿ ಮಾಡಿದ ನಟ್ಟನ್ನೇ ಮತ್ತೆ ಮತ್ತೆ ಬಿಗಿ ಮಾಡುತ್ತಾರೆ.

ಮಧ್ಯಾಹ್ನ ಬ್ಯಾಡಗಿ. ಬ್ಯಾಂಡಿಲ್ಲ, ಹೂವಿಲ್ಲ. ಕೆಲಸದ ಸೀರೆಯಲ್ಲೇ ನಿರ್ಮಲಾ ಬಂದು ಕುಳಿತಿದ್ದಾಳೆ. ನಾನು ಪಕ್ಕದಲ್ಲಿ ನಡೆದೇ ಹೋಗುತ್ತಿದ್ದೇನೆ, ಅಷ್ಟು ನಿಧಾನ. ಬಾಗಿಲುಗಳಲ್ಲಿ ಜನ ನಿಂತಿದ್ದಾರೆ. ತಿರುವಿನಲ್ಲಿ ಇಂಜಿನ್ ಒಮ್ಮೆ ತಡವರಿಸುತ್ತದೆ. ನಿರ್ಮಲಾ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕಾರು ತಿರುವು ದಾಟುತ್ತದೆ.

ಮೈಲೇಶನ ಮನೆಯ ಮುಂದೆ ಇಸಾಕಸಾಬರು ಬ್ರೇಕ್ ಒತ್ತಿ, ಇಂಜಿನ್ ಮಾತ್ರ ಬಂದ್ ಮಾಡದೆ ಕಾಯುತ್ತಾರೆ. ಸುಡುವ ಬಿಸಿಲಲ್ಲಿ ಅದು ಗುರುಗುಟ್ಟುತ್ತಲೇ ಇರುತ್ತದೆ. ಮೈಲೇಶನ ತಾಯಿ ಉಚ್ಚಂಗೆವ್ವ ಹೊರಗೆ ಇಣುಕಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕಟ್ಟೆಯ ಮೇಲೆ ಕುಳಿತ ಡಾಕಪ್ಪ ಪಕ್ಕದವನಿಗೆ ಹೇಳುವುದು ಎಲ್ಲರಿಗೂ ಕೇಳುತ್ತದೆ: “ಇದರಾಗ ಏನ ದೊಡ್ಡಸ್ತಿಕಿ? ರಿಪೇರಿ ಮಾಡ್ಯಾನ, ಅದಕ್ಕ ನಿಂದರ್ಲಿಲ್ಲ. ಮದಲ ಗಾಡಿ ಕೆಟ್ಟಿತ್ತು.”

ಇಸಾಕಸಾಬರು ಸ್ಟೇರಿಂಗ್ ಬಿಟ್ಟು ಎದ್ದು ನಿಲ್ಲುತ್ತಾರೆ. “ಡಾಕಪ್ಪಣ್ಣಾ, ಅದನ್ನ ಇನ್ನೊಮ್ಮೆ ಅನ್ನು. ಜೋರಾಗಿ ಅನ್ನು.”

ತಪ್ಪು ಗಾಡಿಯದೆಂದು ತಾನೇ ಒಪ್ಪಿಕೊಂಡದ್ದು ಡಾಕಪ್ಪನಿಗೆ ಈಗ ತಿಳಿಯುತ್ತದೆ. ತಟ್ಟನೆ ಮುಖ ತಿರುಗಿಸುತ್ತಾನೆ. ಇಸಾಕಸಾಬರು ಪಕ್ಕಕ್ಕೆ ನೋಡುತ್ತಾರೆ. “ಕೇಳಿಸ್ತೇನವಾ?”

“ಕೇಳಿಸ್ತು ಕಾಕಾ,” ಎನ್ನುತ್ತಾಳೆ ನಿರ್ಮಲಾ. ಅವಳು ಅಳುವುದಿಲ್ಲ. “ಇಷ್ಟು ಮಾತಿಗೆ ನನ್ನ ಬಾಳೇವು ಹೋತು.”

ಇಸಾಕಸಾಬರು ಅವಳ ಬದಿಯ ಕಾರಿನ ಬಾಗಿಲು ತೆರೆಯಲು ಕೈ ಚಾಚುತ್ತಾರೆ. ಅವಳು ಆ ಕೈಯನ್ನು ಮೆಲ್ಲಗೆ ಸರಿಸುತ್ತಾಳೆ.

“ಇಳಸ್‌ಬ್ಯಾಡ್ರಿ. ಹಿಂಗ ಮೆಣಸಿನಕಾಯಿ ಪ್ಯಾಟಿ ತನಕ ನಡಸ್ರಿ. ಇವತ್ತ ಹೊಸಾ ರಾಶಿ ಬಂದೈತಿ.”