ಹಿಂಬಾಗಿಲಿನಿಂದ ಸ್ಟಾಕ್‌ಹೋಮ್

ಶಿಕಾಗೋದಲ್ಲಿ ಮಗಳ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿ ಬಾಗಿಲು ತೆಗೆದೆ ನೋಡಿ, ಏಲಕ್ಕಿ ವಾಸನೆ ಬಂತು. ಪಾಯಸದ ಏಲಕ್ಕಿಯಲ್ಲ. ಬೆಣ್ಣೆ, ಹಿಟ್ಟಿನ ಜೊತೆ ಬೆಂದು ಬಂದ, ಸ್ವಲ್ಪ ಒರಟು ಏಲಕ್ಕಿ. ಒಂದು ಕಾಲಕ್ಕೆ ಆ ಬೀದಿಯ ತುಂಬ ಸ್ವೀಡನ್ನಿನಿಂದ ಬಂದವರೇ ಇದ್ದರಂತೆ. ಈಗ ಅವರ ಗುರುತಾಗಿ ಉಳಿದಿರುವುದು ಅಲ್ಲೊಂದು ಇಲ್ಲೊಂದು ನೀಲಿ ಹಳದಿ ಬಾವುಟ ಮತ್ತು ಮೂಲೆಯ ಬೇಕರಿ. ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಯಿಂದ ಒಂದೇ ಸಮನೆ ಡ್ರೈವ್ ಮಾಡಿ ಸೊಂಟ ಹಿಡಿದುಹೋಗಿದ್ದ ನಾನು ಅಭ್ಯಾಸಬಲದಿಂದ ಪಕ್ಕದ ಸೀಟಿನ ಕಡೆ ತಿರುಗಿದೆ. ಇಂಥ ವಾಸನೆ ಬಂದರೆ ನನಗಿಂತ ಮೊದಲು ತಲೆಯೆತ್ತುತ್ತಿದ್ದವಳು ಜಯಾ, ನನ್ನ ಹೆಂಡತಿ. ಅವಳು ಬೆಲ್ಟ್ ಬಿಚ್ಚುತ್ತಾ, "ಹಿಂದೆ ಟ್ರಂಕಲ್ಲಿ ಮೊಸರಿನ ಡಬ್ಬ ಇದೆ, ಮರೀಬೇಡಿ" ಅಂದಳು.

ಹೋದ ಚಳಿಗಾಲದಲ್ಲಿ ಬಂದ ಜ್ವರ ಅವಳ ಮೂಗನ್ನು ಹೊತ್ತುಕೊಂಡು ಹೋಯಿತು. ಜ್ವರ ಇಳಿಯಿತು, ಕೆಮ್ಮು ನಿಂತಿತು, ವಾಸನೆ ಮಾತ್ರ ವಾಪಸ್ಸು ಬರಲಿಲ್ಲ. ವಾಸನೆ ಹೋದರೆ ರುಚಿಯೂ ಹೋಗುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು. ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ದಿನಾ ಲವಂಗ, ನಿಂಬೆಹಣ್ಣು, ನೀಲಗಿರಿ ಎಣ್ಣೆ ಮೂಸಿ ನೋಡುವುದಕ್ಕೆ ಹೇಳಿದರು. ಮೊದಮೊದಲು ಮೂಸಿದಳು. ಆಮೇಲೆ ಆ ಶೀಶೆಗಳು ಔಷಧಿಗಳ ಹಿಂದೆ ಸೇರಿಕೊಂಡವು. ಯಾರಾದರೂ ಫೋನಿನಲ್ಲಿ "ಊಟ ಆಯ್ತಾ?" ಅಂದರೆ ಮೊದಲು "ಆಯ್ತು, ಇವತ್ತು ಹೀರೇಕಾಯಿ ತೊವ್ವೆ" ಎಂದು ಶುರುಮಾಡಿ ಅರ್ಧ ಗಂಟೆ ಮಾತಾಡುತ್ತಿದ್ದವಳು, ಈಗ "ಏನೋ, ಹೊಟ್ಟೆಗೆ ಹಾಕ್ಕೊಂಡೆ" ಎಂದು ಮುಗಿಸುತ್ತಾಳೆ. ಮೂರು ಹೊತ್ತೂ ಮೊಸರನ್ನ ಸಾಕು ಅನ್ನುತ್ತಾಳೆ, ಎಲ್ಲಾ ಒಂದೇ ಅಂತೆ.

ಮಗಳು ಅನಘಾ ಕೊಟ್ಟ ಕಾಫಿ ಕುಡಿಯುತ್ತಿದ್ದಾಗಲೇ ನಿಖಿಲನ ಫೋನು ಬಂತು. ನಮ್ಮ ಬಡಾವಣೆಯ ಹುಡುಗ, ಬೆಂಗಳೂರಿನವನು, ಹೊಸದಾಗಿ ಮದುವೆಯಾಗಿದ್ದಾನೆ.

"ಅಂಕಲ್, ನೆಕ್ಸ್ಟ್ ವೀಕ್ ನಾವಿಬ್ರೂ ಸ್ಟಾಕ್‌ಹೋಮ್‌ಗೆ ಹೋಗ್ತಿದೀವಿ. ಎಲ್ಲೆಲ್ಲಿ ಊಟ ಮಾಡ್ಬೇಕು ಹೇಳಿ. ನಿಮ್ಮನ್ನೇ ಕೇಳ್ಬೇಕು ಅಂತ ಎಲ್ರೂ ಹೇಳ್ತಾರೆ."

ಎಲ್ಲರೂ ಹೇಳುವುದು ನಿಜ. ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡದವರು ಆ ಊರಿಗೆ ಹೊರಟರೆ ನಮ್ಮ ಮನೆಗೆ ಒಂದು ಫೋನು ಮಾಡಿಯೇ ಹೋಗುತ್ತಾರೆ. ಹೋದ ವರ್ಷವಾಗಿದ್ದರೆ ಜಯಾ ನನ್ನ ಕೈಯಿಂದ ಫೋನು ಕಿತ್ತುಕೊಳ್ಳುತ್ತಿದ್ದಳು. ಈಗ ಕಿಟಕಿಯ ಹತ್ತಿರ ಕೂತು ಮಗಳ ಬಟ್ಟೆ ಮಡಚುತ್ತಿದ್ದಳು. ನಾಳೆ ಮಾತಾಡ್ತೀನಪ್ಪ ಎಂದು ಫೋನು ಇಟ್ಟೆ. ನೀವೂ ಆ ಕಡೆ ಹೊರಟಿದ್ದರೆ ಕೇಳಿ, ನಿಖಿಲನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ನಾನು ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಸೀಟ್ ಬೆಲ್ಟುಗಳ ಕೆಲಸ ಮಾಡುವವನು. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಕಂಪನಿ ನನ್ನನ್ನು ಸ್ಟಾಕ್‌ಹೋಮಿಗೆ ಕಳಿಸಿತು. ಜಯಾಳೂ ಬಂದಳು. ಸೂಟ್‌ಕೇಸಿನಲ್ಲಿ ಪುಟ್ಟ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಎಲ್ಲ ಇದ್ದವು. ಹೊರದೇಶಕ್ಕೆ ಹೋಗುವ ನಮ್ಮವರು ಪಾಸ್‌ಪೋರ್ಟ್ ಮರೆತರೂ ಇವನ್ನು ಮರೆಯುವುದಿಲ್ಲ. ಆದರೆ ಎರಡನೆಯ ದಿನವೇ ನನಗೆ ಹೋಟೆಲ್ಲಿನ ಊಟ ಬೇಕೆನಿಸಿತು. ಫೋನಿನಲ್ಲಿ ಹುಡುಕಿ, ಯಾವುದಕ್ಕೆ ಹೆಚ್ಚು ಸ್ಟಾರ್ ಇದೆ ಎಂದು ನೋಡಿ, ಒಂದು ಇಂಡಿಯನ್ ರೆಸ್ಟೋರೆಂಟ್ ಆರಿಸಿದೆ. ಅಂಕಿ ಅಂದರೆ ನನಗೆ ಬಲು ನಂಬಿಕೆ. ಬಾಗಿಲ ಹತ್ತಿರ ಹೋಗುತ್ತಿದ್ದ ಹಾಗೆ ಜಯಾ, "ಒಂದ್ನಿಮಿಷ ಇರಿ, ಬಂದೆ" ಎಂದು ಕಟ್ಟಡದ ಪಕ್ಕಕ್ಕೆ ತಿರುಗಿ ಮಾಯವಾದಳು. ಒಳಗಿನವನು ನಗುತ್ತಾ ಬಾಗಿಲು ಹಿಡಿದುಕೊಂಡು ನಿಂತ, ನಾನೂ ನಗುತ್ತಾ ನಿಂತೆ. ನಮ್ಮಿಬ್ಬರ ನಗುವೂ ಮುಗಿಯಿತು, ಇವಳು ಬರಲಿಲ್ಲ.

ಕೊನೆಗೆ ಬಂದಳು. "ಬೇಡ ರೀ. ಎಣ್ಣೆ ಮೊನ್ನೇದು."

"ನಂಗೆ ಹಸಿವು ಕಣೇ."

"ಹಸಿವು ಅಂತ ಮೊನ್ನೆ ಎಣ್ಣೇಲಿ ಕರಿದಿದ್ದು ತಿಂತೀರಾ?"

ಇದು ಅವಳ ಅಪ್ಪನಿಂದ ಬಂದ ವಿದ್ಯೆ. ನನ್ನ ಮಾವನವರದು ಅರಸೀಕೆರೆ ಸ್ಟೇಷನ್ ಎದುರು ಹೋಟೆಲ್. ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತು, ಅಡುಗೆಮನೆಯ ಹೊಗೆಯಲ್ಲೇ ಇವಳು ಮಗ್ಗಿ ಬಾಯಿಪಾಠ ಮಾಡಿದ್ದು. ಮಾವನವರು ಬೇರೆ ಊರಿಗೆ ಹೋದರೆ ಯಾವ ಹೋಟೆಲ್ಲಿಗೂ ಮುಂದಿನಿಂದ ಹೋಗುತ್ತಿರಲಿಲ್ಲ. ಹಿಂದೆ ಹೋಗಿ ಎಕ್ಸಾಸ್ಟ್ ಫ್ಯಾನಿನ ಕೆಳಗೆ ಒಂದು ಬೀಡಿ ಸೇದುವಷ್ಟು ಹೊತ್ತು ನಿಂತು, ಆಮೇಲೆ ತೀರ್ಮಾನ ಮಾಡುತ್ತಿದ್ದರಂತೆ. "ಮುಂದೆ ನಿಂತ್ರೆ ಬೋರ್ಡ್ ಕಾಣುತ್ತೆ ಅಷ್ಟೇ ಕಣಮ್ಮ" ಅನ್ನುತ್ತಿದ್ದರಂತೆ ಮಗಳಿಗೆ. ಬೀಡಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮಗಳು ಕಲಿತುಕೊಂಡಿದ್ದಾಳೆ.

ಹಾಗೆ ನಾವು ಸ್ಟಾಕ್‌ಹೋಮನ್ನು ಹಿಂಬಾಗಿಲಿನಿಂದ ನೋಡಿದೆವು. ಬೇರೆಯವರು ಅರಮನೆ, ಮ್ಯೂಸಿಯಂ ಅಂತ ಫೋಟೋ ತೆಗೆಯುತ್ತಾರೆ. ನಮ್ಮ ಆಲ್ಬಮ್ಮಿನಲ್ಲಿ ಕಸದ ಡಬ್ಬಿಗಳ ಪಕ್ಕ ಮೂಗೆತ್ತಿ ನಿಂತ ಹೆಂಗಸಿನ ಫೋಟೋಗಳೇ ಹೆಚ್ಚು.

ಹಳೆಯ ಊರಿನ ಇಕ್ಕಟ್ಟು ಓಣಿಯೊಂದರಲ್ಲಿ, ನೆಲಮಾಳಿಗೆಯ ಹೋಟೆಲ್ ಅವಳಿಗೆ ಸಿಕ್ಕಿದ್ದು ನೆಲಮಟ್ಟದ ಒಂದು ಕಿಟಕಿಯ ಮುಂದೆ ಬಗ್ಗಿದಾಗ. "ಬೇಳೆ ಬೇಯ್ತಿದೆ ರೀ" ಅಂದಳು. ಆ ದೇಶದಲ್ಲಿ ಗುರುವಾರ ಬಂತೆಂದರೆ ಹಳದಿ ಬಟಾಣಿಯ ಗಟ್ಟಿ ಸೂಪು, ಮೇಲೆ ಜಾಮ್ ಹಚ್ಚಿದ ತೆಳ್ಳನೆಯ ಸಿಹಿ ದೋಸೆ. ತಲೆತಲಾಂತರದಿಂದ ಬಂದ ಪದ್ಧತಿಯಂತೆ. ಒಂದು ಪಾತ್ರೆಯಲ್ಲಿ ಮಾಂಸ ಹಾಕಿದ್ದು, ಇನ್ನೊಂದರಲ್ಲಿ ಹಾಕದ್ದು. ಬ್ರೆಡ್ಡು, ಬೆಣ್ಣೆ, ಸೊಪ್ಪು ತರಕಾರಿ, ಕಾಫಿ ಎಲ್ಲ ಆ ಊಟಕ್ಕೇ ಸೇರಿದ್ದು, ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ಜಯಾ ಕಣ್ಣರಳಿಸಿ, "ಇದು ನಮ್ಮಪ್ಪನ ಫುಲ್ ಮೀಲ್ಸೇ" ಅಂದಳು. ಆಮೇಲೆ ಸೂಪನ್ನು ಬಾಯಿಗಿಟ್ಟು, ಕೈ ಮುಗಿದು, "ಇವರಿಗೂ ಗುರುವಾರ ರಾಯರ ವಾರ" ಅಂದಳು. ನಾನು ತಗ್ಗು ತೊಲೆಗೆ ಹಣೆ ಬಡಿದುಕೊಂಡು ಕೂತಿದ್ದೆ, ಆದರೂ ಎರಡು ಸಲ ಹಾಕಿಸಿಕೊಂಡೆ.

ಗುಡ್ಡದ ಮೇಲೊಂದು ಸಸ್ಯಾಹಾರಿ ಹೋಟೆಲ್. ಮರದ ಮೆಟ್ಟಿಲು ಹತ್ತಿ ಹೋಗಬೇಕು. ಮೇಲೆ ಹೋದರೆ ಕೆಳಗೆ ನೀರು, ದೋಣಿಗಳು, ಸಂಜೆಯಾದರೂ ಇಳಿಯದ ಬಿಸಿಲು. ಅರ್ಧ ಮೆಟ್ಟಿಲಲ್ಲಿ ಜಯಾ ನಿಂತುಬಿಟ್ಟಳು. ಸುಸ್ತಾಯಿತೇನೋ ಎಂದುಕೊಂಡೆ. "ಸಬ್ಬಸಿಗೆ" ಅಂದಳು. ಬೇಯಿಸಿದ ಎಳೆ ಆಲೂಗಡ್ಡೆಯ ಮೇಲೆ, ಸೌತೆಕಾಯಿಯ ಮೇಲೆ, ಮೊಸರಿನಂಥದ್ದರ ಮೇಲೆ, ಎಲ್ಲದರ ಮೇಲೂ ಸಬ್ಬಸಿಗೆ ಸೊಪ್ಪು. ಅಕ್ಕಿರೊಟ್ಟಿಗೆ ಅದನ್ನು ಹಾಕುವವರು ನಾವು ಮಾತ್ರ ಎಂದುಕೊಂಡಿದ್ದವಳಿಗೆ, ಒಂದು ಇಡೀ ದೇಶ ತನ್ನ ಪಕ್ಷ ವಹಿಸಿದಷ್ಟು ಸಂತೋಷವಾಯಿತು. ಆವತ್ತು ಅವಳು ತಿಂದದ್ದನ್ನು ನೋಡಿ ಪಕ್ಕದ ಟೇಬಲ್ಲಿನವರೂ ಎದ್ದು ಹೋಗಿ ಆಲೂಗಡ್ಡೆ ಹಾಕಿಕೊಂಡು ಬಂದರು.

ಇನ್ನು ಮೀನಿನ ಗಾಡಿ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಹೆಂಗಸು ಮೀನಿನ ಗಾಡಿಯನ್ನು ಶಿಫಾರಸು ಮಾಡುವುದೆಂದರೇನು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ನೀರಿನ ಪಕ್ಕದ ಚೌಕದಲ್ಲಿ ಒಬ್ಬ ಸಣ್ಣ ಮೀನುಗಳನ್ನು ಹಿಟ್ಟಿನಲ್ಲಿ ಹೊರಳಿಸಿ, ಕರಿದು, ಬ್ರೆಡ್ಡಿನ ಮೇಲೆ ಈರುಳ್ಳಿ ಜೊತೆ ಇಟ್ಟು ಕೊಡುತ್ತಿದ್ದ. ಇವಳು ಸೆರಗಿಲ್ಲದ ಕಾರಣಕ್ಕೆ ದುಪಟ್ಟಾ ಮೂಗಿಗೆ ಅಡ್ಡ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಅದನ್ನು ಕೆಳಗಿಳಿಸಿದಳು.

"ಪ್ರತಿ ಸಲಾನೂ ಹೊಸ ಬೆಣ್ಣೆ ಹಾಕ್ತಾನೆ. ಮೀನು ಇವತ್ತಿಂದೇ."

"ಮೀನಿನ ವಿಷಯ ನಿಂಗೇನು ಗೊತ್ತು?"

"ಮೀನು ಗೊತ್ತಿಲ್ಲ. ಹಳೇದು ಅಂದ್ರೆ ಗೊತ್ತಾಗುತ್ತೆ."

ನಮ್ಮೂರಿಗೆ ಹತ್ತಿರದ ಆನ್ ಆರ್ಬರ್‌ನಲ್ಲಿ ಮಂಗಳೂರಿನ ಡಾಕ್ಟರೊಬ್ಬರಿದ್ದಾರೆ. ಮೀನಿನ ವಿಷಯದಲ್ಲಿ ಅವರು ಸ್ವಂತ ತಮ್ಮನನ್ನೂ ನಂಬುವವರಲ್ಲ. ಆಮೇಲೊಮ್ಮೆ ಸ್ಟಾಕ್‌ಹೋಮಿಗೆ ಹೋದಾಗ ಜಯಾಳ ಮಾತು ಕೇಳಿ ಆ ಗಾಡಿಗೆ ಹೋಗಿ, ಅಲ್ಲಿಂದಲೇ ಫೋನು ಮಾಡಿ, "ನಿಮ್ಮ ಮಿಸೆಸ್‌ಗೆ ನನ್ನ ನಮಸ್ಕಾರ ಹೇಳಿ ಮಾರಾಯ್ರೆ" ಅಂದರು.

ಎಲ್ಲಕ್ಕಿಂತ ಅವಳಿಗೆ ಇಷ್ಟವಾದದ್ದು ಏಲಕ್ಕಿ ಬನ್ನಿನ ಬೇಕರಿ. ಅದರ ಹಿಂಬಾಗಿಲು ಒಂದು ಅಂಗಳಕ್ಕೆ ತೆರೆದುಕೊಳ್ಳುತ್ತಿತ್ತು. ಇವಳು ಅಲ್ಲಿ ಕಣ್ಣು ಮುಚ್ಚಿ ನಿಂತಿದ್ದಾಗ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಹೆಂಗಸು ಹೊರಗೆ ಬಂದಳು. ಬೈಯುತ್ತಾಳೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆಕೆ ಒಳಗೆ ಹೋಗಿ ತಟ್ಟೆಯಿಂದ ಆಗಷ್ಟೇ ಇಳಿದ ಬನ್ನೊಂದನ್ನು ತಂದು ಜಯಾಳ ಕೈಗಿಟ್ಟಳು. ಜಡೆ ಹೆಣೆದಂತೆ ಸುತ್ತಿದ ಬನ್ನು, ಮೇಲೆ ಕುಟ್ಟಿದ ಏಲಕ್ಕಿ, ಸಕ್ಕರೆ. ಆಮೇಲೆ ಇಬ್ಬರೂ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ, ಏಲಕ್ಕಿಯನ್ನು ನುಣ್ಣಗೆ ಪುಡಿ ಮಾಡಬೇಕೋ ತರಿತರಿಯಾಗಿ ಕುಟ್ಟಬೇಕೋ ಎಂದು ಚರ್ಚೆಗಿಳಿದರು. ಜಯಾ ಸಿಪ್ಪೆಯನ್ನು ಬಿಸಾಡಬೇಡ, ಚಹಾಕ್ಕೆ ಹಾಕು ಎಂದು ಹೇಳಿಕೊಟ್ಟಳು. ಮಾರನೆಯ ದಿನ ನಾವು ಹೋದಾಗ ಆಕೆ ಚಹಾ ಮಾಡಿಟ್ಟಿದ್ದಳು. ಆ ಅಂಗಳದ ಬೆಂಚಿನ ಮೇಲೆ ಕೂತು ನನ್ನ ಹೆಂಡತಿಯನ್ನು ನೋಡುತ್ತಾ, ಇವಳನ್ನು ಯಾವ ಊರಿನಲ್ಲಿ ಬಿಟ್ಟರೂ ಅಲ್ಲೊಂದು ಅಡುಗೆಮನೆ ಇವಳನ್ನು ಒಳಗೆ ಕರೆದುಕೊಳ್ಳುತ್ತದೆ ಎಂದು ನನಗೆ ಹೆಮ್ಮೆಯಾಯಿತು. ಹೇಳಲಿಲ್ಲ. ಬಾಯಿ ತುಂಬ ಬನ್ನು ಇತ್ತು.

ಮರುದಿನ ಶಿಕಾಗೋದಲ್ಲಿ ಬೆಳಗ್ಗೆ ಅನಘಾ, ಬೇಕರಿಗೆ ಬೇಗ ಹೋಗಬೇಕು, ಸ್ಯಾಟರ್ಡೇ ಕ್ಯೂ ಇರುತ್ತೆ ಎಂದು ಹೊರಡಿಸಿದಳು. "ನೀವಿಬ್ರೂ ತಿನ್ನಿ, ನಾನು ಸುಮ್ನೆ ಬರ್ತೀನಿ" ಎಂದು ಜಯಾ ಚಪ್ಪಲಿ ಮೆಟ್ಟಿದಳು. ಸಾಲು ಬಾಗಿಲಿನಿಂದ ಹೊರಗೆ ಬಂದಿತ್ತು. ಅನಘಾ ತನ್ನ ಆಫೀಸಿನ ಕಥೆ ಹೇಳುತ್ತಿದ್ದವಳು ಥಟ್ಟನೆ ಸುತ್ತ ನೋಡಿ, "ಡ್ಯಾಡ್, ವೇರ್ ಈಸ್ ಅಮ್ಮ?" ಅಂದಳು.

ನನಗೆ ಗೊತ್ತಿತ್ತು. ಆದರೆ ಹೋಗುವುದಕ್ಕೆ ಮನಸ್ಸು ಬರಲಿಲ್ಲ. ಮೂಗು ಎತ್ತಿ ನಿಂತು, ಏನೂ ಸಿಗದೆ ವಾಪಸ್ಸು ಬರುವ ಅವಳ ಮುಖ ನನಗೆ ಬೇಡವಾಗಿತ್ತು.

ಅನಘಾಳನ್ನು ಸಾಲಿನಲ್ಲೇ ಬಿಟ್ಟು ಕೊನೆಗೂ ಹಿಂದಕ್ಕೆ ನಡೆದೆ. ಶಿಕಾಗೋದ ಮನೆಗಳ ಬೆನ್ನಿಗೆಲ್ಲ ಒಂದೊಂದು ಗಲ್ಲಿ ಇರುತ್ತದೆ. ಕಸದ ಡಬ್ಬಿಗಳು, ಗ್ಯಾರೇಜುಗಳು, ಜೋತುಬಿದ್ದ ಕರೆಂಟ್ ತಂತಿಗಳು. ಜಯಾ ಬೇಕರಿಯ ಎಕ್ಸಾಸ್ಟ್ ಫ್ಯಾನಿನ ಕೆಳಗೆ ಕೈಕಟ್ಟಿ ನಿಂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು, ಇಲ್ಲ ಎನ್ನುವಂತೆ. ಬಾ ಹೋಗೋಣ ಅನ್ನುವುದಕ್ಕೆ ಬಾಯಿ ತೆರೆದೆ.

"ಇಲ್ಲಿ ಬನ್ನಿ" ಅಂದಳು. "ನೀವು ನೋಡಿ ಹೇಳಿ."

"ನಾನಾ?"

"ಮತ್ಯಾರು? ನಿಮ್ ಮೂಗು ಸರಿಯಾಗೇ ಇದ್ಯಲ್ಲ."

ಅವಳ ಪಕ್ಕ ನಿಂತು ಉಸಿರೆಳೆದುಕೊಂಡೆ. ಏಲಕ್ಕಿ ಅಂದೆ. ಅದು ಬೀದಿಗೇ ಗೊತ್ತು, ಇನ್ನೇನು ಅಂದಳು. ಬೆಣ್ಣೆ ಅಂದೆ. ಕಾದ ಬೆಣ್ಣೆನೋ, ಕರಗಿದ ಬೆಣ್ಣೆನೋ ಅಂದಳು. ಇಷ್ಟು ವರ್ಷ ಬನ್ನು ತಿನ್ನುವುದೊಂದೇ ನನ್ನ ಪಾಲಿನ ಕೆಲಸವಾಗಿತ್ತು; ಬೆಣ್ಣೆಯಲ್ಲಿ ಇಷ್ಟು ಬಗೆಯಿದೆ ಎಂದು ಯೋಚಿಸಿದವನೇ ಅಲ್ಲ. ಕಣ್ಣು ಮುಚ್ಚಿದೆ. "ಏನೋ ಸುಟ್ಟ ಹಾಗಿದೆ" ಅಂದೆ.

"ಹಿಟ್ಟಾ, ಸಕ್ಕರೆನಾ? ಸರಿಯಾಗಿ ನೋಡಿ. ಹಿಟ್ಟು ಸುಟ್ರೆ ಗಂಟಲಿಗೆ ಹಿಡಿಯುತ್ತೆ."

ಮತ್ತೆ ಎಳೆದುಕೊಂಡೆ. ಗಂಟಲಿಗೆ ಹಿಡಿಯಲಿಲ್ಲ. "ಸಕ್ಕರೆ" ಅಂದೆ, ಪರೀಕ್ಷೆಯಲ್ಲಿ ನಿಂತವನ ಹಾಗೆ.

"ತಟ್ಟೆಗೆ ಸೋರಿರೋ ಸಕ್ಕರೆ ಅದು. ಹಾಗಾದ್ರೆ ಬನ್ ಚೆನ್ನಾಗಿ ಬೆಂದಿದೆ. ನಡೀರಿ ಒಳಗೆ."

ಅನಘಾ ಅಷ್ಟರಲ್ಲಿ ಮೂರು ಬನ್ನು ತೆಗೆದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಜಯಾ ಒಂದನ್ನು ಬಿಡಿಸಿ, ಎಳೆಯೊಂದನ್ನು ಬಾಯಿಗಿಟ್ಟುಕೊಂಡಳು. ಅವಳ ಮುಖವನ್ನು ನೋಡದಂತೆ ನಾವಿಬ್ಬರೂ ರಸ್ತೆ ನೋಡುತ್ತಾ ಕೂತೆವು.

"ಏನೂ ಗೊತ್ತಾಗ್ತಿಲ್ಲ" ಅಂದಳು. ಸ್ವಲ್ಪ ಅಗಿದಳು. "ಮೆತ್ತಗಿದೆ. ಏಲಕ್ಕಿ ತರಿ ಹಲ್ಲಿಗೆ ಸಿಗ್ತಿದೆ. ಬಿಸಿ ಇದೆ." ಪೂರ್ತಿ ತಿಂದು ಬೆರಳಿಗಂಟಿದ ಸಕ್ಕರೆ ನೆಕ್ಕಿದಳು. "ಇನ್ನೊಂದು ತಗೊಂಡು ಬನ್ನಿ."

ಅವಳು ಇನ್ನೊಂದು ಎಂದು ಕೇಳಿ ತಿಂಗಳುಗಟ್ಟಲೆ ಆಗಿತ್ತು. ಅನಘಾ ಏಳಲು ಹೊರಟಳು, ನಾನು ಅವಳ ಭುಜ ಒತ್ತಿ ಕೂರಿಸಿದೆ. ಫೋನನ್ನು ಬೆಂಚಿನ ಮೇಲೇ ಬಿಟ್ಟು ಹೋಗಿ, ಆ ಉದ್ದದ ಸಾಲಿನ ತುದಿಯಲ್ಲಿ ನಿಂತೆ. ಕ್ಯೂ ನಿಲ್ಲುವುದು ಇಷ್ಟು ಸುಖದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಬನ್ನು ಹಿಡಿದು ವಾಪಸ್ಸು ಬಂದಾಗ ಜಯಾಳ ಕಿವಿಯಲ್ಲಿ ನನ್ನ ಫೋನಿತ್ತು. ನಿಖಿಲನಿರಬೇಕು. ಅವಳ ಇನ್ನೊಂದು ಕೈ ಆಗಲೇ ಬನ್ನಿಗಾಗಿ ನನ್ನ ಕಡೆ ಚಾಚಿತ್ತು.

"ಎಲ್ಲಾ ಹೇಳ್ತೀನಪ್ಪ, ಮೀನಿನ ಗಾಡಿನೂ ಹೇಳ್ತೀನಿ" ಎನ್ನುತ್ತಿದ್ದಳು. "ಸ್ವಲ್ಪ ಹೊತ್ತು ಬಿಟ್ಟು ಮಾಡು. ಈಗ ತಿಂಡಿ ತಿಂತಾ ಇದೀನಿ."