ಭಾನುಪ್ರಕಾಶನ ವಾಲದ ಕಾರು

"ನನ್ ಕಾರು ತಿರುವಲ್ಲಿ ವಾಲೋಕ್ ಮುಂಚೆ ಹುತ್ರಿದುರ್ಗದ ಬೆಟ್ಟ ವಾಲ್ತದೆ" ಎಂದು ಭಾನುಪ್ರಕಾಶ ಹಿರೇಹಳ್ಳಿಯ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕೂತು ಸಾರಿದ. ಸಾರಿದ ರಭಸಕ್ಕೆ ಸಾಂಬಾರಿನ ಹಂಡೆಯಲ್ಲಿ ತೇಲುತ್ತಿದ್ದ ನುಗ್ಗೆಕಾಯಿಗಳು ತಳ ಸೇರಿದವು. ಅಷ್ಟು ದೂರದ ಬೆಟ್ಟಕ್ಕೆ ಕೇಳಿಸಿತೋ ಇಲ್ಲವೋ ಎಂದು ಆವತ್ತು ಯಾರೂ ಯೋಚಿಸಲಿಲ್ಲ. ಕೇಳಿಸಿತ್ತು.

ಭಾನುಪ್ರಕಾಶ ಅಮೃತೂರಿನ ಗಿರಿಯಮ್ಮನ ಒಬ್ಬನೇ ಮಗ. ಹುಟ್ಟಿದ ಕೂಡಲೇ ಎಲ್ಲ ಮಕ್ಕಳೂ ಅತ್ತರೆ ಇವನು ಸೂಲಗಿತ್ತಿಯ ಮೇಲೆ ಜಗಳಕ್ಕೆ ಹೋದನಂತೆ. ಐಟಿಐ ಮುಗಿಸಿ ತುಮಕೂರಿನಲ್ಲಿ ಮನೆ ಮಾಡಿ, ಹಿರೇಹಳ್ಳಿಯಲ್ಲಿ ಶಾಫ್ಟುಗಳ ಅಳತೆ ನೋಡುವ ಕೆಲಸಕ್ಕೆ ಸೇರಿದ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ರಿಜೆಕ್ಟ್. ಮನುಷ್ಯರನ್ನೂ ಅದೇ ಗೇಜಿನಲ್ಲಿ ಅಳೆಯುತ್ತಿದ್ದುದರಿಂದ ಇಡೀ ಜಿಲ್ಲೆಯಲ್ಲಿ ಪಾಸಾಗಿ ಉಳಿದವರು ಅವನ ತಾಯಿ, ಹೆಂಡತಿ ತೇಜಸ್ವಿನಿ ಮತ್ತು ಹಳೆಯ ಕೆಂಪು ಕಾರು ಮಾತ್ರ. ಮೊದಲ ನೋಟಕ್ಕೇ ರಿಜೆಕ್ಟ್ ಆದವನು ಹೆಂಡತಿಯ ಅಣ್ಣ ಗಂಗಾಧರ್. ಗುಬ್ಬಿಯಲ್ಲಿ ಸಿಮೆಂಟ್ ಅಂಗಡಿ, ಅಂಗಡಿಯ ಮುಂದೆ ಅಂಗಡಿಗಿಂತ ದೊಡ್ಡದೊಂದು ಬಿಳಿ ಕಾರು. ಆ ಕಾರನ್ನು ಹಿಂದಕ್ಕೆ ತೆಗೆಯುವಾಗ ಗುಬ್ಬಿಯ ಅರ್ಧ ಜನ ನಿಟ್ಟೂರಿನ ಕಡೆಗೆ ಸರಿದು ನಿಲ್ಲಬೇಕಾಗಿತ್ತು.

ಇಬ್ಬರಿಗೂ ನಿಜವಾದ ಹಗೆ ಹತ್ತಿಕೊಂಡಿದ್ದು ಒಂದು ನಾಮಕರಣದ ದಿನ. ಊಟ ಮುಗಿದು, ಉಳಿದ ಸಾರಿನ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಗಂಗಾಧರ್ ಕೆಂಪು ಕಾರಿನಲ್ಲಿ ಕೂತಿದ್ದ. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲಿತು, ಕ್ಯಾರಿಯರಿನ ಮುಚ್ಚಳ ತೆರೆಯಿತು, ಸಾರೆಲ್ಲ ಹೊಸ ರೇಷ್ಮೆ ಪಂಚೆಯೊಳಗೆ ಇಳಿಯಿತು.

"ಪ್ರಕಾಶಪ್ಪ, ತೊಟ್ಲು ಶಾಸ್ತ್ರ ಛತ್ರದಲ್ಲೇ ಮುಗೀತು ಅಂದ್ಕೊಂಡಿದ್ದೆ. ನಿಮ್ ಕಾರಲ್ಲಿ ಇನ್ನೂ ನಡೀತಾ ಅದೆ" ಎಂದ ಗಂಗಾಧರ್, ಪಂಚೆಯಿಂದ ಬೇಳೆ ಆರಿಸುತ್ತ. "ಇದನ್ನ ಮಾರಾಕಿ. ನನ್ ತಂಗಿ ಇನ್ಮೇಲೆ ಇದ್ರಲ್ಲಿ ಕೂರಲ್ಲ."

ತೇಜಸ್ವಿನಿ ಗಂಡನ ಪರ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ತನಗೂ ಪ್ರತಿ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆ ಅಂದಳು. ಮುಂದಿನ ಭಾನುವಾರ, ವಾರವಾರದ ರೂಢಿಯಂತೆ, ಅತ್ತೆಯ ಮನೆಗೆ ಹೊರಟವಳು ಖಾಸಗಿ ಬಸ್ಸು ಹತ್ತಿದಳು. ಭಾನುಪ್ರಕಾಶ ಖಾಲಿ ಕಾರಿನಲ್ಲಿ, ಆ ಬಸ್ಸಿನ ಹೊಗೆ ಕುಡಿಯುತ್ತ, ಅದರ ಹಿಂದೆಯೇ ಅಮೃತೂರಿನವರೆಗೂ ಹೋದ. ಕಿಟಕಿಯಲ್ಲಿ ಹೆಂಡತಿಯ ಜಡೆ ಕಾಣುತ್ತಿತ್ತು. ಆ ಜಡೆಯನ್ನು ತನ್ನ ಪಕ್ಕದ ಸೀಟಿಗೆ ತರುವವರೆಗೆ ತನಗೆ ಮುದ್ದೆ ಇಳಿಯುವುದಿಲ್ಲ ಎಂದು ಶಪಥ ಮಾಡಿದ. ಮುದ್ದೆ ಇಳಿಯಿತು, ಶಪಥವೂ ಉಳಿಯಿತು.

ಔಷಧಿ ಏನೆಂದು ಅವನಿಗೆ ಗೊತ್ತಿತ್ತು: ಸ್ವೇ ಬಾರ್. ಎಡ ಚಕ್ರವನ್ನೂ ಬಲ ಚಕ್ರವನ್ನೂ ಕಾರಿನಡಿಯಲ್ಲಿ ಬೆಸೆಯುವ ಬಾಗಿದ ಉಕ್ಕಿನ ಸಲಾಕೆ. ಒಂದು ಕಡೆ ಕುಸಿಯಲು ಹೋದರೆ ಇನ್ನೊಂದು ಕಡೆಯನ್ನೂ ಎಳೆದು, ಕಾರು ವಾಲದಂತೆ ತಡೆಯುತ್ತದೆ. ಕಂಪನಿಯವರು ಹಾಕಿರುವುದು ಹಪ್ಪಳ ಕರಿಯುವ ಕಡ್ಡಿಯಷ್ಟೇ ದಪ್ಪ ಎಂದು ಅವನ ದೂರು. ಬೆಂಗಳೂರಿನ ಅಂಗಡಿಯವನು ಫೋನಿನಲ್ಲಿ ಬುದ್ಧಿ ಹೇಳಿದ. ಮುಂದಿನ ಚಕ್ರ ಎಳೆಯುವ ಗಾಡಿ ಇದು, ಹಿಂದಕ್ಕೆ ತೀರ ದಪ್ಪದ್ದು ಬೇಡ, ತಿರುವಿನಲ್ಲಿ ಹಿಂಬದಿ ಜಾರುತ್ತದೆ. ತುದಿಯಲ್ಲಿ ಮೂರು ತೂತು ಇರುತ್ತವೆ, ಹೊರಗಿನದು ಸಡಿಲ, ಒಳಗೊಳಗೆ ಹೋದಂತೆ ಬಿಗಿ. ಹೊರಗಿನಿಂದ ಶುರು ಮಾಡಿ, ಒಂದೊಂದೇ ತೂತು ಬದಲಿಸಿ ಓಡಿಸಿ ನೋಡಿ. ಎಲ್ಲ ಕೇಳಿಸಿಕೊಂಡು ಭಾನುಪ್ರಕಾಶ, ನನಗೇ ಉಕ್ಕಿನ ಪಾಠ ಹೇಳ್ತೀಯಾ ಎಂದು ಅವನಿಗೆ ಬೈದು, ಇರುವುದರಲ್ಲೇ ದಪ್ಪದ್ದನ್ನು ತರಿಸಿದ. ಪಾರ್ಸಲ್ ಬಿಚ್ಚಿದಾಗ ಓಣಿಯ ನಾಯಿಗಳೆಲ್ಲ ಊರು ಬಿಟ್ಟವು.

ಅಮೃತೂರಿನ ಕೊಬ್ಬರಿ ಕೊಟ್ಟಿಗೆಯ ಮುಂದೆ ಅಪ್ಪನ ಕಾಲದ ಗುಂಡಿಯೊಂದಿತ್ತು. ಅದರ ಮೇಲೆ ಕಾರು ನಿಲ್ಲಿಸಿ ಅಡಿಯಲ್ಲಿ ಇಳಿಯಬಹುದು. ಅಲ್ಲೇ ಬಾರ್ ಕೂರಿಸಿದ. ಕೆಲಸವೇನೋ ಅಚ್ಚುಕಟ್ಟು. ಬಾರನ್ನು ಹಿಡಿದಿಡುವ ರಬ್ಬರ್ ಬುಷ್ಷಿಗೆ ಗ್ರೀಸು ಬಳಿದು, ಕಾರಿನ ಭಾರವೆಲ್ಲ ಚಕ್ರದ ಮೇಲೆ ಕೂತ ಮೇಲಷ್ಟೇ ನಟ್ಟು ಬಿಗಿದ. ಪ್ರತಿ ಭಾನುವಾರವೂ ಅವನು ಗುಂಡಿಯಿಂದ ಮೇಲೆ ಬರುವಷ್ಟರಲ್ಲಿ ಗಿರಿಯಮ್ಮ, ವಾಡಿಕೆಯಂತೆ, ಮೂರು ಮೂಟೆ ತೆಂಗಿನಕಾಯಿಯನ್ನು ಆಳಿನಿಂದ ಡಿಕ್ಕಿಗೆ ತುಂಬಿಸಿಬಿಟ್ಟಿರುತ್ತಿದ್ದಳು. ತುಮಕೂರಿನ ಹೋಟೆಲಿಗೆ ಅವಳ ಕಾಯಿ ವಾರವಾರವೂ ಹೋಗಲೇಬೇಕು. ಸಂಜೆ ಹೆಂಡತಿ ಬಸ್ಸಿನಲ್ಲಿ ಹೋದ ಮೇಲೆ ಇವನು ಒಬ್ಬನೇ ಹುತ್ರಿದುರ್ಗದ ರಸ್ತೆಗೆ ಸುತ್ತಿಕೊಂಡು ಹೋಗಿ ತಿರುವು ತಿರುವಿನಲ್ಲಿ ಕಾರನ್ನು ಪರೀಕ್ಷಿಸುತ್ತಿದ್ದ. ಹೊರಗಿನ ತೂತಿನಲ್ಲಿ ಹಿಂಬದಿ ತೂಗಾಡಿತು. ನಡುವಿನದರಲ್ಲಿ ಕಮ್ಮಿಯಾಯಿತು. ಒಳಗಿನ ತೂತಿಗೆ ಹಾಕಿದ ಭಾನುವಾರ ಕಾರು ಹಳಿಯ ಮೇಲಿನ ರೈಲಿನಂತೆ ಹೋಯಿತು. ಕ್ಯಾಂಟೀನಿನ ಘೋಷಣೆ ಮಾರನೆಯ ದಿನದ್ದು.

ಘೋಷಣೆ ಗುಬ್ಬಿ ಮುಟ್ಟಿತು. ಗಂಗಾಧರ್ ಮುಂದಿನ ಭಾನುವಾರ ಬೆಳಗ್ಗೆಯೇ ಬಿಳಿ ಕಾರಿನಲ್ಲಿ ಅಮೃತೂರಿಗೆ ಬಂದಿಳಿದ. ಅವರೆಕಾಳು ಸಾರಿನ ಮುಂದೆ ಕರಾರಾಯಿತು: ಬೆಟ್ಟದ ತಿರುವಿನಲ್ಲಿ ಕಾರು ವಾಲದಿದ್ದರೆ ಗಂಗಾಧರ್ ಜನ್ಮದಲ್ಲಿ ಆ ಮಾತೆತ್ತಬಾರದು, ತೇಜಸ್ವಿನಿ ಗಂಡನ ಪಕ್ಕ ಕೂರಬೇಕು. ವಾಲಿದರೆ ಕಾರು ಮಾರಾಟಕ್ಕೆ. ತೇಜಸ್ವಿನಿ ಇಬ್ಬರನ್ನೂ ನೋಡಿ, ಬಡಿಸುವ ಸೌಟನ್ನು ಪಾತ್ರೆಗೆ ಕುಕ್ಕಿ, ಆಗಲಿ ಅಂದಳು.

ಕೈ ತೊಳೆದು ಬಂದ ಭಾನುಪ್ರಕಾಶನಿಗೆ ಅಂಗಳದಲ್ಲಿ ಕಂಡದ್ದು ಬೇರೆ. ಗಂಗಾಧರ್ ಕೆಂಪು ಕಾರಿನ ಡಿಕ್ಕಿ ತೆಗೆಸಿ, ಮೂರೂ ಮೂಟೆಯನ್ನು ಆಳಿನಿಂದ ತನ್ನ ಕಾರಿನ ಹಿಂದಿನ ಸೀಟು ಮಡಚಿ ಅಲ್ಲಿಗೆ ಹೊರಿಸುತ್ತಿದ್ದ. ಸೊಸೆಯ ತೌರಿಗೆ ಒಂದು ಕಾಯಾದರೂ ಬಂದಿದೆಯಾ ಎಂದು ಗಿರಿಯಮ್ಮನನ್ನು ಕೇಳಿದ್ದನಂತೆ. ಬೀಗರ ಮುಂದೆ ಇಲ್ಲ ಅನ್ನಲಾರದೆ ಆಕೆ ತಲೆಯಾಡಿಸಿದ್ದಳು. ಭಾನುಪ್ರಕಾಶನ ಮೈ ಉರಿಯಿತು. ಕಾಯಿಯ ಮೇಲೆ ಉರಿಯಿತು, ಭಾವನ ಮೇಲೆ ಉರಿಯಿತು. ಕಾರಿನಡಿಯ ಸಲಾಕೆಯ ನೆನಪು ಮಾತ್ರ ಆ ಉರಿಯಲ್ಲಿ ಎಲ್ಲೂ ಬರಲಿಲ್ಲ.

ಗಂಗಾಧರ್ ಸ್ಪೀಡೋಮೀಟರ್ ನೋಡಬೇಕೆಂದು ಕೆಂಪು ಕಾರಿನ ಮುಂದಿನ ಸೀಟಿನಲ್ಲೇ ಕೂತ. ಬಿಳಿ ಕಾರನ್ನು ತೇಜಸ್ವಿನಿ ಓಡಿಸಿಕೊಂಡು ಹಿಂದೆ ಹೊರಟಳು, ಪಕ್ಕದಲ್ಲಿ ಪಂಚಾಯ್ತಿದಾರಳಾಗಿ ಗಿರಿಯಮ್ಮ. ಮೊದಲ ಎರಡು ತಿರುವು ಬೆಣ್ಣೆ. ಗಂಗಾಧರನ ಮುಖ ಸಣ್ಣಗಾಯಿತು. ಮೂರನೆಯದಕ್ಕೆ ಭಾನುಪ್ರಕಾಶ ಕೋಪವನ್ನೆಲ್ಲ ಬಲಗಾಲಿಗೆ ಕೊಟ್ಟು ನುಗ್ಗಿಸಿದ. ಗಂಗಾಧರ್ ಮನೆದೇವರನ್ನು ಕೂಗಿದ. ಆ ಕೂಗಿಗೆ ಭಾನುಪ್ರಕಾಶನ ಕಾಲು ಆಕ್ಸಿಲರೇಟರಿನಿಂದ ಎದ್ದಿತು, ಹಿಂದಿನ ಒಳಚಕ್ರ ನೆಲ ಬಿಟ್ಟಿತು, ಕಾರಿನ ಹಿಂಬದಿ ಮುಂಬದಿಯನ್ನು ಓವರ್‌ಟೇಕ್ ಮಾಡಲು ಹೊರಟಿತು.

ಗಾಜಿನಲ್ಲಿ ಹುತ್ರಿದುರ್ಗ ಬಂತು. ಆಮೇಲೆ ತೆಂಗಿನ ತೋಟ. ಆಮೇಲೆ, ಬಾಯಿ ತೆರೆದ ಗಿರಿಯಮ್ಮ ಸಮೇತ ಬಿಳಿ ಕಾರು. ಆಮೇಲೆ ಮತ್ತೆ ಹುತ್ರಿದುರ್ಗ. ಬೆಟ್ಟ ವಾಲುವುದಿರಲಿ, ಗರಗರ ತಿರುಗಿಯೇ ಬಿಟ್ಟಿತು. ಕಾರು ಕೊಯ್ಲಾದ ರಾಗಿ ಹೊಲಕ್ಕಿಳಿದು ಕೂಳೆಯ ಮೇಲೆ ಕೂತಿತು. ಇಬ್ಬರಿಗೂ ಏನೂ ಆಗಿರಲಿಲ್ಲ. ಗಂಗಾಧರನ ಒಂದು ಚಪ್ಪಲಿ ಮಾತ್ರ ಕುಣಿಗಲ್ ಕಡೆಗೆ ಹೋಗಿತ್ತು.

ಭಾನುಪ್ರಕಾಶ ಸ್ಪ್ಯಾನರ್ ಹಿಡಿದು ಹಿಂಭಾಗಕ್ಕೆ ಹೋದ. ಡಿಕ್ಕಿ ತೆಗೆದರೆ, ಖಾಲಿ. ಆಗ ಹೊಳೆಯಿತು. ಬರುವಾಗ ಬಸ್ಸಿನ ಹಿಂದೆ ತೆವಳುತ್ತ ಬಂದಿದ್ದ, ಹೋಗುವಾಗ ಡಿಕ್ಕಿ ತುಂಬ ಕಾಯಿ. ಖಾಲಿ ಕಾರನ್ನು ಒಂದೇ ಒಂದು ಭಾನುವಾರವೂ ತಿರುವಿನಲ್ಲಿ ನುಗ್ಗಿಸಿ ನೋಡಿರಲಿಲ್ಲ. ಮೂರು ಮೂಟೆಯನ್ನು ಹಿಡಿದಿಡಲು ಬಿಗಿದ ಬಾರ್, ಮೂಟೆ ಇಳಿದ ಮೇಲೆ ಹಗುರಾದ ಹಿಂಬದಿಯನ್ನೇ ಎತ್ತಿ ಬಿಸಾಡಿತ್ತು. ಅವನು ಹೊಲದಲ್ಲೇ ಅಂಗಾತ ಮಲಗಿ, ಬಾರನ್ನು ಚಕ್ರಕ್ಕೆ ಜೋಡಿಸುವ ಎರಡೂ ಕಡೆಯ ಲಿಂಕನ್ನು ಹೊರಗಿನ ತೂತಿಗೆ ಬದಲಿಸತೊಡಗಿದ.

ಮೇಲೆ ರಸ್ತೆಯಲ್ಲಿ ಗಂಗಾಧರ್ ಒಂಟಿ ಚಪ್ಪಲಿಯಲ್ಲಿ ಸಭೆ ನಡೆಸುತ್ತಿದ್ದ. ವಾಲಿದ್ದಲ್ಲ, ಬುಗುರಿ ಆಯಿತು. ಗುಜರಿಯವನೂ ಮುಟ್ಟುವುದಿಲ್ಲ ಇದನ್ನ, ಎಂದೆಲ್ಲ. ಕೊನೆಗೆ ತಂಗಿಗೆ ತನ್ನ ಕಾರು ಹತ್ತಲು ಹೇಳಿ ತಾನು ಸ್ಟೀರಿಂಗ್ ಹಿಡಿದ. ತೇಜಸ್ವಿನಿ ಹೋಗಿ ನೋಡಿದಳು. ಮುಂದೆ ಅತ್ತೆ, ಇಳಿಯುವ ಲಕ್ಷಣವಿಲ್ಲ. ಹಿಂದೆ ಮೂರು ಮೂಟೆ ಕಾಯಿ. ಅವಳು ಅಣ್ಣನ ಮುಖ ನೋಡಿದಳು. ಕಾಯಿ ಇಳಿಸುವ ಮಾತು ಅಣ್ಣನ ಬಾಯಿಂದ ಬರಲಿಲ್ಲ.

ಸೆರಗು ಸಿಕ್ಕಿಸಿಕೊಂಡು ಹೊಲಕ್ಕಿಳಿದ ತೇಜಸ್ವಿನಿ ಕೆಂಪು ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. "ರೀ, ನಲವತ್ತು ದಾಟಿದ್ರೆ ಇಳಿದ್ಬಿಡ್ತೀನಿ."

ಗಂಗಾಧರನಿಗೆ ಅದನ್ನು ಸಹಿಸಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, "ಪ್ರಕಾಶಪ್ಪ, ಬಾರ್ ಆಯ್ತು, ಬುಷ್ ಆಯ್ತು. ಆ ಡಬ್ಬ ನೆಟ್ಟಗೆ ಹೋಗೋಕೆ ಇನ್ನೂ ಏನ್ ಹಾಕ್ಬೇಕ್ರೀ?" ಎಂದ.

ಭಾನುಪ್ರಕಾಶ ಕಾರಿನಡಿಯಿಂದ ಈಚೆ ಬಂದು, ಬೆನ್ನಿನ ರಾಗಿ ಕೂಳೆ ಕೊಡವಿದ.

"ಹೊಸದೇನೂ ಬ್ಯಾಡ ಭಾವ. ಊಟ ಆದ್ಮೇಲೆ ನೀವು ಇಳಿಸ್ಕೊಂಡ್ರಲ್ಲ, ಆ ಮೂರು ಮೂಟೆ ವಾಪಸ್ ಹಾಕಿ, ಸಾಕು."